25 ನಿಮಿಷಕ್ಕೊಂದು ಗಂಟೆ

ಮುಲಾಮಿನ ವಾಸನೆಯಿಂದಲೇ ಮೇಡಂ ನನ್ನನ್ನು ಹಿಡಿದರು. ಅಂತರಕಾಲೇಜು ಸ್ಪರ್ಧೆಗೆ 3 ವಾರ ಉಳಿದಿತ್ತು. ದಿನಕ್ಕೆ 5 ಗಂಟೆ ಪಿಟೀಲು ಕುಯ್ಯುತ್ತಿದ್ದೆ (ಹಾಸ್ಟೆಲಿನವರ ಪ್ರಕಾರ ಎರಡೂ ಅರ್ಥದಲ್ಲಿ). ರಾತ್ರಿಯೆಲ್ಲ ಎಡ ಮಣಿಕಟ್ಟು ಜುಮುಗುಟ್ಟುತ್ತಿತ್ತು. ಮುಲಾಮು ತಿಕ್ಕಿ, ತುಂಬುತೋಳಿನ ಅಂಗಿ ತೊಟ್ಟು ತರಗತಿಗೆ ಬಂದು ಕೂತೆ.

“ಯಾವ ಕೈ?” ಎಂದರು.

“ಏನಿಲ್ಲ ಮೇಡಂ.”

“ಏನಿಲ್ಲ ಅಂದ್ರೆ ಭೈರವಿ ವರ್ಣದ ಚರಣ ನುಡಿಸು, ನೋಡೋಣ.”

ನುಡಿಸುತ್ತಿದ್ದಾಗಲೇ ಬಗ್ಗಿ ನನ್ನ ಎಡಗೈ ಹೆಬ್ಬೆರಳನ್ನು ಅಲ್ಲಾಡಿಸಲು ನೋಡಿದರು. ಅದು ಕದಲಲಿಲ್ಲ. “ಯಾರ ಮೇಲಿನ ಸಿಟ್ಟಿಗೆ ಇದರ ಕತ್ತು ಹಿಸುಕ್ತಿದ್ದೀಯ?” ಎಂದು ಕೇಳಿ, ವಾದ್ಯವನ್ನು ತಾವೇ ತೆಗೆದು ಪೆಟ್ಟಿಗೆಯಲ್ಲಿಟ್ಟರು. 15 ದಿನ ಮುಟ್ಟಕೂಡದು. ವರ್ಣವನ್ನು ಹಾಡು, ತಾಳ ಹಾಕು, ಅಷ್ಟೇ. ಸ್ಪರ್ಧೆಗೆ ನನ್ನ ಬದಲು ಜೂನಿಯರ್ ಹುಡುಗಿಯೊಬ್ಬಳು ಹೋದಳು. ಒಂದು ವರ್ಷ ನಾನು ಮೇಡಂ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ.

ತಪ್ಪು ಹೆಬ್ಬೆರಳಿನದಲ್ಲ, ಕೂತದ್ದರಲ್ಲೇ ಇದೆ ಎಂದು ಆಮೇಲೆ ತೋರಿಸಿಕೊಟ್ಟರು. ನಮ್ಮ ಪದ್ಧತಿಯಲ್ಲಿ ಪಿಟೀಲಿನ ಸುರುಳಿ ಬಲಗಾಲ ಹರಡಿನ ಮೇಲೆ ಊರಿರುತ್ತದೆ, ಇನ್ನೊಂದು ತುದಿ ಎದೆಗೆ ಒರಗಿರುತ್ತದೆ. ಹೀಗೆ ಎರಡು ಕಡೆ ಆಸರೆ ಸಿಕ್ಕಿದರೆ ಎಡಗೈಗೆ ಹೊರೆಯಿಲ್ಲ, ಜಾರುಗಳಿಗೆ ಬೆರಳು ಸಲೀಸಾಗಿ ಓಡಾಡುತ್ತದೆ. ಪಾದ ಒಂದಿಷ್ಟು ಒಳಗೆ ಸರಿದರೂ ಸುರುಳಿ ಅಲುಗುತ್ತದೆ, ವಾದ್ಯ ಹಿಡಿದಿಡುವ ಕೆಲಸ ಹೆಬ್ಬೆರಳಿನ ಪಾಲಿಗೆ ಬರುತ್ತದೆ. ಮೇಡಂ ಒಂದು ಜಮಖಾನೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೆಳಗೆ ತುರುಕಿದರು. ಸೊಂಟ ಮಂಡಿಗಿಂತ ಮೇಲೆ ಬಂತು, ಬೆನ್ನು ತಾನಾಗಿ ನೆಟ್ಟಗಾಯಿತು. ಹೆಬ್ಬೆರಳು ಅಲ್ಲಾಡಿತು! ಇಷ್ಟಕ್ಕಾಗಿ ನಾನು ಎರಡು ಡಬ್ಬಿ ಮುಲಾಮು ಖಾಲಿ ಮಾಡಿದ್ದೆ.

ಇದನ್ನೆಲ್ಲ ಅವರು ಪುಸ್ತಕ ಓದಿ ಕಲಿತದ್ದಲ್ಲ. ಆಕಾಶವಾಣಿಯ ‘ಎ’ ಗ್ರೇಡ್ ಕಲಾವಿದೆ. ಕಾಲೇಜಿಗೆ ಬರುವ ಮುಂಚೆ ಹತ್ತಾರು ವರ್ಷ ಪಕ್ಕವಾದ್ಯದಲ್ಲೇ ಸವೆದವರು. ಪಕ್ಕವಾದ್ಯದವರ ಪಾಡು ಕೇಳುಗರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಇವತ್ತು ಒಂದು ಮನೆ ಶ್ರುತಿಯ ಗಾಯಕ, ನಾಳೆ ಐದೂವರೆ ಮನೆಯ ಗಾಯಕಿ (ಮನೆ ಅಂದರೆ ಶ್ರುತಿಯ ಎತ್ತರದ ಅಳತೆ). ಶ್ರುತಿ ಏರಿಸಿದಷ್ಟೂ ಅದೇ ತಂತಿ ಬಿಗಿಯಾಗುತ್ತದೆ, ಬೆರಳು ಹೆಚ್ಚು ಒತ್ತಬೇಕಾಗುತ್ತದೆ. ಹಾಡುವವರು ನೀರು ಕುಡಿದರೆ ಪಿಟೀಲು ಆ ಜಾಗ ತುಂಬಬೇಕು. ಕಮಾನು ಕೆಳಗಿಡಲು ಸಿಗುವುದು ಮೃದಂಗದಂಥ ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದ ಹೊತ್ತು ಮಾತ್ರ, ಆಗಲೂ ಕೈ ತಾಳ ಹಾಕುತ್ತಿರಬೇಕು. ಒಂದು ಸೀಸನ್ನಿನ ನಡುವೆ ಅವರ ಬಲಭುಜ ಹಿಡಿದುಕೊಂಡಿತಂತೆ, ಜಡೆ ಹಾಕಿಕೊಳ್ಳಲೂ ಕೈ ಏಳುತ್ತಿರಲಿಲ್ಲ. ಆದರೂ ಕಛೇರಿ ಒಪ್ಪಿಕೊಳ್ಳುತ್ತಲೇ ಹೋದರು. ನೋವನ್ನು ಸಾಧನೆ ಅಂದುಕೊಂಡಿದ್ದೆ ಕಣೋ, ಅನ್ನುತ್ತಿದ್ದರು. ಕೊನೆಗೆ 8 ತಿಂಗಳು ಎಲ್ಲ ನಿಲ್ಲಿಸಬೇಕಾಯಿತು.

ಅಲ್ಲಿಂದ ಬಂದದ್ದು ಆ ಟೈಮರ್. ಅಡುಗೆಮನೆಯಲ್ಲಿ ಇಡುವಂಥದ್ದು, ಕೀಲಿ ತಿರುಗಿಸಿದರೆ ಟಿಕ್ ಟಿಕ್ ಎನ್ನುವ ಡಬ್ಬಿ. ಶ್ರುತಿಪೆಟ್ಟಿಗೆಯ ಪಕ್ಕ ಇರುತ್ತಿತ್ತು. 25 ನಿಮಿಷಕ್ಕೆ ಗಂಟೆ ಹೊಡೆದರೆ ಎಂಥ ಕಲ್ಪನಾಸ್ವರದ ನಡುವೆ ಇದ್ದರೂ ವಾದ್ಯ ಕೆಳಗಿಟ್ಟು ಎದ್ದು ನಿಲ್ಲಬೇಕು, ಭುಜ ತಿರುಗಿಸಬೇಕು, ಕಿಟಕಿಯಾಚೆ ದೂರದ್ದೇನನ್ನಾದರೂ ನೋಡಬೇಕು. ಶನಿವಾರದ ಮೊದಲ ಪೀರಿಯಡ್ಡಿಗೆ ಮೃದಂಗದ ಹುಡುಗರು, ಕೊನೆಕೊನೆಗೆ ಕಂಪ್ಯೂಟರ್ ವಿಭಾಗದವರೂ ಬಂದು ಕೂರುತ್ತಿದ್ದರು. ವೇದಿಕೆ ಭಯಕ್ಕೆ ಅವರದು ಒಂದೇ ಔಷಧ: ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ನಿಧಾನ ಮಾಡು. ಯಾರಾದರೂ ಮೂಗು ಮುರಿದರೆ ಯೆಹೂದಿ ಮೆನುಹಿನ್ ಕಥೆ ತೆಗೆಯುತ್ತಿದ್ದರು. ಜಗತ್ತೇ ಕೊಂಡಾಡಿದ ಆ ಪಿಟೀಲುಗಾರ 1952ರಲ್ಲಿ ಮುಂಬಯಿಯಲ್ಲಿ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರನ್ನು ಕಂಡು ಶಿಷ್ಯನಾದ. “ಅವನೇ ಕಲಿತ, ನಿಮಗೇನು ಧಾಡಿ?”

ಕಮಾನು ಒತ್ತುವವರಿಗೆ ಚೌಡಯ್ಯನವರ ಉದಾಹರಣೆ. ಸಭೆಯ ಕೊನೆಯವರೆಗೂ ನಾದ ಮುಟ್ಟಲೆಂದು ಅವರು 4 ತಂತಿಯ ಪಿಟೀಲಿಗೆ ಇನ್ನೂ 3 ತಂತಿ ಸೇರಿಸಿಕೊಂಡರು. “ನಿಮ್ಮ ಮುಂದೆ ಮೈಕ್ ಇದೆಯಲ್ಲ, ತಂತಿ ಮೇಲೆ ಯಾಕೆ ಮರ ಕುಯ್ತೀರಿ?”

ತಮ್ಮ ಮಾತನ್ನು ತಾವೇ ಪಾಲಿಸುವುದರಲ್ಲಿ ಮಾತ್ರ ಮೇಡಂ ಹಿಂದೆ. ಪರೀಕ್ಷೆಯ ದಿನಗಳಲ್ಲಿ ಒಂದೇ ಭಂಗಿಯಲ್ಲಿ 3 ಗಂಟೆ ಕೂತು ಕೇಳುತ್ತಿದ್ದರು. ನಾವು ಕೇಳಿದರೆ, “ನಾನು ನುಡಿಸ್ತಿಲ್ವಲ್ಲ” ಎಂಬ ವಾದ.

ಅವರು ನಿವೃತ್ತರಾದ ದಿನ ಕಾಲೇಜಿನ ಸಭಾಂಗಣದಲ್ಲಿ ತೋಡಿ ಎತ್ತಿಕೊಂಡರು. ಕೆಳಗಿನ ಸ್ಥಾಯಿಯಲ್ಲಿ ಗಾಂಧಾರವನ್ನು ತೂಗುತ್ತ ತೂಗುತ್ತ ನಮ್ಮನ್ನೆಲ್ಲ ಮರೆತರು. ನನ್ನ ಬದಲು ಸ್ಪರ್ಧೆಗೆ ಹೋಗಿದ್ದ ಹುಡುಗಿ, ಈಗ ಅವಳೂ ಮೇಷ್ಟ್ರು, ಟೈಮರನ್ನು ಕದ್ದು ತಂದು ವೇದಿಕೆಯ ಅಂಚಿನಲ್ಲಿಟ್ಟಿದ್ದಳು. ಸರಿಯಾಗಿ 25ನೇ ನಿಮಿಷಕ್ಕೆ ಅದು ಕಿರುಚಿತು. ಕಮಾನು ಗಾಳಿಯಲ್ಲೇ ನಿಂತಿತು. ಮೇಡಂ ನಮ್ಮ ಕಡೆ ಒಮ್ಮೆ ದುರುಗುಟ್ಟಿ ನೋಡಿ, ಪಿಟೀಲನ್ನು ಜಮಖಾನೆಯ ಮೇಲೆ ಮಲಗಿಸಿ ಎದ್ದು ನಿಂತರು, ಬಲಭುಜವನ್ನು ನಿಧಾನವಾಗಿ ತಿರುಗಿಸತೊಡಗಿದರು. ಮೃದಂಗದವರೂ ಎದ್ದರು. ಆಮೇಲೆ, ಒಬ್ಬೊಬ್ಬರಾಗಿ, ಇಡೀ ಸಭೆ.