ಪಾರ್ಸನ್ ಟಾಮ್ ಮನೆಯ ತೊಟ್ಟಿಲು: ಕಡೆಗೂ ಸೀಸ ನಿಂತಿತು

ಇಲ್ಲಿ ತೊಟ್ಟಿಲು ಎಂದರೆ ಮರಳಿಗೆ ನೀರು ಹೊಯ್ದು, ತೂಗಿ, ಚಿನ್ನ ಬೇರ್ಪಡಿಸುವ ಮರದ ಪೆಟ್ಟಿಗೆ. ನಾನು ಮಾಡಿದ ಅದರ ಮಾದರಿಯಲ್ಲಿ, ಮೂರು ವಾರಗಳಿಂದ ಮರಳಿನ ಜೊತೆಗೇ ಕೊಚ್ಚಿಕೊಂಡು ಹೋಗುತ್ತಿದ್ದ, ಚಿನ್ನದ ಬದಲಿಗೆ ಹಾಕಿದ ಸೀಸದ ಪುಡಿ ನಿನ್ನೆ ಸಂಜೆ ತಳದ ಎರಡನೆಯ ಅಡ್ಡಪಟ್ಟಿಯ ಹಿಂದೆ, ಕಾಡಿಗೆ ಎಳೆದಂತೆ, ಸಣ್ಣ ಕಪ್ಪು ಗೆರೆಯಾಗಿ ನಿಂತಿತು. ಪಾರ್ಸನ್ (ಪಾದ್ರಿ) ಟಾಮ್ ಎಂದೇ ಹೆಸರಾದ ವಿಲಿಯಂ ಟಾಮ್ ಅವರ ಬದುಕನ್ನು ಮರದ ಮಾದರಿಗಳಲ್ಲಿ ಕಟ್ಟುವ ಈ ಕೆಲಸದಲ್ಲಿ ಇಷ್ಟು ಸಂತೋಷ ನನಗೆ ಹಿಂದೆ ಆಗಿರಲಿಲ್ಲ.

ಮನೆ, ಕುರಿದೊಡ್ಡಿ, ಅವರು ನಿಂತು ಉಪದೇಶ ಮಾಡುತ್ತಿದ್ದ ಬೆಥೆಲ್ ಬಂಡೆ ಇವೆಲ್ಲ ಮುಗಿದಿವೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಬ್ಲಿಸ್‌ಲ್ಯಾಂಡ್ ಬಿಟ್ಟು 1823ರಲ್ಲಿ ಹಡಗು ಹತ್ತಿದ ಟಾಮ್, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಮೂಲನಿವಾಸಿ ವಿರಾಜುರಿ ಜನರ ನೆಲವಾಗಿದ್ದ, ಇಂದು ಬಿಂಗ್ ಎನ್ನುವ ಕಾರ್ನಿಷ್ ಸೆಟ್ಲ್‌ಮೆಂಟ್‌ನಲ್ಲಿ ನೆಲೆನಿಂತು ಕುರಿ, ದನಗಳ ಮೇಲೆ ಬಾಳು ಕಟ್ಟಿಕೊಂಡರು. ಅಂಥವರ ಮಾದರಿಯಲ್ಲಿ ಚಿನ್ನ ತೊಳೆಯುವ ತೊಟ್ಟಿಲೇಕೆ ಎಂದರೆ, 1851ರಲ್ಲಿ ಅದನ್ನು ಮಾಡಿದವರು ಅವರ ಮಗ ಕಿರಿಯ ವಿಲಿಯಂ. ಕಿರಿಯ ವಿಲಿಯಂ, ಅವರ ಸೋದರ ಜೇಮ್ಸ್ ಮತ್ತು ಜಾನ್ ಲಿಸ್ಟರ್ ಓಫಿರ್ ಹಳ್ಳದಲ್ಲಿ ಲಾಭಕ್ಕೆ ಬರುವಷ್ಟು ಚಿನ್ನ ಕಂಡರೂ, ಸರ್ಕಾರದ 10,000 ಪೌಂಡ್ ಬಹುಮಾನ ಹೋದದ್ದು ಆ ಶೋಧ ತನ್ನದೆಂದು ಸಾರಿದ ಎಡ್ವರ್ಡ್ ಹಾರ್ಗ್ರೇವ್ಸ್ ಕೈಗೆ. ಮೊದಲು ಕಂಡವರು ಇವರೇ ಎಂದು ವಿಚಾರಣಾ ಸಮಿತಿ ಒಪ್ಪಿದ್ದು 1890ರಲ್ಲಿ. ಅದಕ್ಕೇ ಈ ತೊಟ್ಟಿಲು ನೋಡಲು ಮಾತ್ರವಲ್ಲ, ಕೆಲಸವನ್ನೂ ಮಾಡಬೇಕೆಂದು ಹಟ ಹಿಡಿದೆ.

ಎರಡು ಅಡಿ ಉದ್ದದ ಪೆಟ್ಟಿಗೆಗೆ ನಮ್ಮ ಕಾಫಿ ತೋಟಗಳ ಸಿಲ್ವರ್ ಓಕ್ ಬಳಸಿದ್ದೇನೆ. ಆ ಮರದ ತವರೂ ಆಸ್ಟ್ರೇಲಿಯಾವೇ. ಚಿನ್ನದ ಸಾಂದ್ರತೆ ನೀರಿನ 19.3 ಪಟ್ಟು, ಸೀಸದ್ದು 11.3, ಮರಳಿನದು ಸುಮಾರು 2.65. ಆದ್ದರಿಂದ ಸೀಸ ನಿಂತರೆ ಚಿನ್ನ ನಿಲ್ಲುವುದು ಖಂಡಿತ ಎಂದು ಗಾಳಕ್ಕೆ ಕಟ್ಟುವ ಸೀಸವನ್ನು ಅರದಿಂದ ಉಜ್ಜಿ ಮರಳಿಗೆ ಬೆರೆಸಿದೆ. ಒಂದು ಚೂರೂ ನಿಲ್ಲಲಿಲ್ಲ. ಅಡ್ಡಪಟ್ಟಿಗಳನ್ನು ಎತ್ತರಿಸಿದರೆ ಅವುಗಳ ಹಿಂದೆ ಮರಳು ಗಟ್ಟಿಯಾಗಿ ಕೂತು, ಸೀಸ ಅದರ ಮೇಲಿಂದಲೇ ಜಾರಿತು. ಜರಡಿಯ ತಗಡು ಮಾರಿದವರು ಕೇಳಿದ್ದಕ್ಕಿಂತ ದೊಡ್ಡ ತೂತಿನದನ್ನು ಎರಡು ಬಾರಿ ಕಳಿಸಿ ಹತ್ತು ದಿನ ಹಾಳು ಮಾಡಿದರು; ಆ ಸಿಟ್ಟು ಇನ್ನೂ ಆರಿಲ್ಲ. ಕೊನೆಗೆ ತೂತುಗಳನ್ನು ನಾನೇ ಮೊಳೆಯಿಂದ ಹೊಡೆದೆ.

ದಾರಿ ತೋರಿಸಿದ್ದು ಅಮ್ಮ ಅಕ್ಕಿ ಜಾಲಿಸುವ ರೀತಿ. ಅವರು ಪಾತ್ರೆಯನ್ನು ತೀರ ಬಾಗಿಸುವುದಿಲ್ಲ, ನೀರನ್ನು ಒಮ್ಮೆಗೇ ಸುರಿಯುವುದಿಲ್ಲ, ಕೈಯ ಓಲಾಟವನ್ನು ನಡುವೆ ನಿಲ್ಲಿಸುವುದೂ ಇಲ್ಲ. ತೊಟ್ಟಿಲಿನ ಹಿಂಭಾಗಕ್ಕೆ ಕೊಟ್ಟಿದ್ದ ಎತ್ತರವನ್ನು ಅರ್ಧಕ್ಕೆ ಇಳಿಸಿದೆ. ಜರಡಿಯ ಕೆಳಗೆ ಜೋಲುಬಿದ್ದಿದ್ದ ಕ್ಯಾನ್ವಾಸನ್ನು ಬಿಗಿದು, ಮರಳು ಮೊದಲು ಹಿಂಬದಿಗೇ ಬೀಳುವಂತೆ ಮಾಡಿದೆ. ನೀರನ್ನು ಚೊಂಬಿನಿಂದ ಸಮನಾಗಿ ಹೊಯ್ಯುತ್ತ ತೂಗಿದೆ. ಮರಳು ಸಡಿಲವಾಗಿಯೇ ಉಳಿದು ಮುಂದೆ ಹರಿಯಿತು, ಸೀಸ ತಳಕ್ಕಿಳಿಯಿತು.

ಮುಂದಿನದು ಉಣ್ಣೆಯ ಮೂಟೆ ಹೊತ್ತ ಎತ್ತಿನ ಬಂಡಿ. ಬ್ಲೂ ಮೌಂಟನ್ಸ್ ದಾಟಿ ಸಿಡ್ನಿಗೆ ಹೋಗಲು ವಿಲಿಯಂ ಕಾಕ್ಸ್ 1815ರಲ್ಲಿ ಮುಗಿಸಿದ 101 ಮೈಲಿ ರಸ್ತೆಯೇ ಮುಖ್ಯ ದಾರಿಯಾಗಿತ್ತು. 1832ರಲ್ಲಿ ವಿಕ್ಟೋರಿಯಾ ಪಾಸ್ ಎಂಬ ಹೊಸ ದಾರಿ ತೆರೆಯುವವರೆಗೆ, ಸಿಡ್ನಿಯಿಂದ ಮರಳುವಾಗ ಆ ರಸ್ತೆಯ ಮೌಂಟ್ ಯಾರ್ಕ್‌ನ ಇಳಿಜಾರಿನಲ್ಲಿ ಬಂಡಿ ಉರುಳದಂತೆ ಹಿಂದೆ ಮರದ ದಿಮ್ಮಿ ಕಟ್ಟಿ ಎಳೆಯಬೇಕಿತ್ತು. ಆ ದಿಮ್ಮಿಗೆಂದು ಹಿತ್ತಿಲಿನ ಪೇರಲೆ ಕೊಂಬೆಯೊಂದನ್ನು ಕಡಿದು ನೆರಳಿನಲ್ಲಿ ಒಣಗಲು ಹಾಕಿದ್ದೇನೆ.