ನಾಡಿ ನಿಧಾನವಾದರೆ ಮೊದಲು ಉಸಿರು ನೋಡಿ

ಬೀದರ್ ಜಿಲ್ಲೆಯಲ್ಲಿ ಪಶುವೈದ್ಯನಾಗಿ ದುಡಿಯುತ್ತಿರುವ ನಾನು ಇಂಟರ್ನ್‌ಶಿಪ್‌ಗೆ ಬರುವ ಹುಡುಗ ಹುಡುಗಿಯರಿಗೆ ಎಲ್ಲಕ್ಕಿಂತ ಹೆಚ್ಚು ಸಲ ಹೇಳುವ ಮಾತು ಇದು: ಮತ್ತು ಬರಿಸಿ ಮಲಗಿಸಿದ ಪ್ರಾಣಿಯ ಹೃದಯ ನಿಧಾನವಾದರೆ ಔಷಧದ ಪೆಟ್ಟಿಗೆಗೆ ಕೈ ಹಾಕುವ ಮೊದಲು ಅದರ ಉಸಿರು ನೋಡಿ. ನಾಡಿ ಇಳಿದದ್ದು ಕೇಳಿಸಿದ ಕೂಡಲೇ ಹೃದಯ ಓಡಿಸುವ ಅಟ್ರೋಪಿನ್ ಅಥವಾ ಅಡ್ರಿನಲಿನ್ ಸಿರಿಂಜಿಗೆ ಎಳೆದುಕೊಳ್ಳುವ ಆತುರ ಎಲ್ಲರಿಗೂ ಇರುತ್ತದೆ. ಆದರೆ ಹೃದಯ ಏಕೆ ನಿಧಾನವಾಯಿತು ಎಂದು ತಿಳಿಯದೆ ಅದನ್ನು ಓಡಿಸುವುದು ಅಪಾಯ.

ಔರಾದ್, ಭಾಲ್ಕಿ ಕಡೆಯ ಹಳ್ಳಿಗಳಲ್ಲಿ ನಮ್ಮ ಶಸ್ತ್ರಚಿಕಿತ್ಸೆ ಹೆಚ್ಚಾಗಿ ನಡೆಯುವುದು ಝೈಲಜಿನ್ ಎಂಬ ಮತ್ತಿನ ಔಷಧದ ನೆರವಿನಿಂದ. ದೇವಣಿ ಎತ್ತಿನ ಕೋಡಿನ ಕ್ಯಾನ್ಸರ್ ಇರಲಿ, ಆಡಿನ ಕಾಲು ಮುರಿದಿರಲಿ, ಆ ಪುಟ್ಟ ಸೀಸೆ ಕೈಗೆ ಬರುತ್ತದೆ. ದನದ ಜಾತಿ ಈ ಔಷಧಕ್ಕೆ ಎಷ್ಟು ಸೂಕ್ಷ್ಮವೆಂದರೆ ಕುದುರೆಗೆ ಬೇಕಾದ ಪ್ರಮಾಣದ ಸುಮಾರು ಹತ್ತನೆಯ ಒಂದು ಭಾಗವೇ ಸಾಕು. ಕುರಿ ಇನ್ನೊಂದು ರೀತಿಯಲ್ಲಿ ಸೂಕ್ಷ್ಮ. ಹೊಲದ ಬದುವಿನಲ್ಲಿ ನಿಂತ ಕುರಿಗಾಹಿ, "ಸಾಹೇಬರೇ, ಎತ್ತಿಗೆ ಕೊಟ್ಟದ್ದನ್ನೇ ಇದಕ್ಕೂ ಸ್ವಲ್ಪ ಕೊಟ್ಟುಬಿಡಿ, ಒದ್ದಾಡುತ್ತಿದೆ" ಎಂದು ಕೇಳಿದಾಗ ನಾನು, "ಕಾಕಾ, ಕುರಿಯ ಶ್ವಾಸಕೋಶ ಬೇರೆ" ಎನ್ನುತ್ತೇನೆ. ಅದು ನೆಪವಲ್ಲ. ಕುರಿಯ ಶ್ವಾಸಕೋಶದ ರಕ್ತನಾಳಗಳೊಳಗೆ ಒಂದು ಬಗೆಯ ರಕ್ಷಕ ಕೋಶಗಳು ಅಂಟಿಕೊಂಡಿರುತ್ತವೆ. ಝೈಲಜಿನ್ ರಕ್ತಕ್ಕೆ ಸೇರಿದಾಗ ಅವು ಕೆರಳುತ್ತವೆ, ಶ್ವಾಸಕೋಶದಲ್ಲಿ ನೀರು ತುಂಬಬಹುದು, ರಕ್ತದ ಆಮ್ಲಜನಕ ಕೆಲವೇ ನಿಮಿಷಗಳಲ್ಲಿ ಕುಸಿಯಬಹುದು. ಮಗ್ಗುಲಾಗಿ ಮಲಗಿಸಿದರೆ ಉಬ್ಬಿದ ದೊಡ್ಡ ಹೊಟ್ಟೆ ವಪೆಯನ್ನು ಎದೆಯ ಕಡೆಗೆ ಒತ್ತುವುದರಿಂದ ತೊಂದರೆ ಇಮ್ಮಡಿಯಾಗುತ್ತದೆ.

ಈಗ ನಾಡಿ ಇಳಿಯಿತು. ಇಳಿಸಿದ್ದು ಯಾವುದು, ಔಷಧವೋ ಆಮ್ಲಜನಕದ ಕೊರತೆಯೋ? ಎರಡೂ ಆಗಿರಬಹುದು.

ಹೃದಯಕ್ಕೆ ಆಜ್ಞೆ ಬರುವುದು ಎರಡು ಕಡೆಯಿಂದ. ವಾಗಸ್ ನರ ಅದನ್ನು ತಡೆದು ನಿಧಾನಗೊಳಿಸುತ್ತದೆ. ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಅದರ ವೇಗ, ಬಲ ಎರಡನ್ನೂ ಏರಿಸುತ್ತವೆ. ಒಂದೇ ಅಡ್ರಿನಲಿನ್ ಒಂದು ಕಡೆ ರಕ್ತನಾಳವನ್ನು ಬಿಗಿಗೊಳಿಸಿ ಇನ್ನೊಂದು ಕಡೆ ಸಡಿಲಿಸುವುದು ಏಕೆ ಎಂಬುದಕ್ಕೆ 1948ರಲ್ಲಿ ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ ಉತ್ತರ ಕೊಟ್ಟರು: ಅಡ್ರಿನಲಿನ್‌ನ ಸಂದೇಶ ಹಿಡಿಯಲು ಕೋಶಗಳಲ್ಲಿರುವ ಗ್ರಾಹಕಗಳು ಆಲ್ಫಾ, ಬೀಟಾ ಎಂದು ಎರಡು ಬಗೆ. ಹೃದಯದ ಓಟವನ್ನು ಮುಖ್ಯವಾಗಿ ನಡೆಸುವುದು ಬೀಟಾ. ಝೈಲಜಿನ್ ಕೆಲಸ ಮಾಡುವುದು ಆಲ್ಫಾದ ಒಂದು ಒಳಬಗೆಯಾದ ಆಲ್ಫಾ-2 ಗ್ರಾಹಕದ ಮೇಲೆ. ಆ ಗ್ರಾಹಕ ಚುರುಕಾದರೆ ನರತುದಿಯಿಂದ ನಾರ್‌ಅಡ್ರಿನಲಿನ್ ಹೊರಬರುವುದೇ ಕಡಿಮೆಯಾಗುತ್ತದೆ, ಪ್ರಾಣಿ ತೂಕಡಿಸುತ್ತದೆ, ಹೃದಯ ನಿಧಾನವಾಗುತ್ತದೆ.

ಆಮ್ಲಜನಕ ಕಡಿಮೆಯಾದಾಗ ನಡೆಯುವುದು ಇದಕ್ಕಿಂತ ಸ್ವಾರಸ್ಯದ ಸಂಗತಿ. ಕತ್ತಿನ ದೊಡ್ಡ ಅಪಧಮನಿ ಕವಲೊಡೆಯುವ ಜಾಗದಲ್ಲಿ ಕಾಳಿನಷ್ಟು ಪುಟ್ಟ ಒಂದು ಗಂಟು ಇದೆ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಸದಾ ಕಾವಲು ಕಾಯುವುದು ಅದರ ಕೆಲಸ. ಈ ಕಾವಲನ್ನು ನಾಯಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿಕೊಟ್ಟ ಬೆಲ್ಜಿಯಂನ ಕಾರ್ನೀಲ್ ಹೈಮನ್ಸ್ ಅವರಿಗೆ 1938ರ ನೊಬೆಲ್ ಪ್ರಶಸ್ತಿ ಬಂತು. ಗಂಟು ಕೊರತೆಯ ಸುದ್ದಿ ಕಳುಹಿಸಿದಾಗ ಎಚ್ಚರವಿರುವ ನಾಯಿ ಜೋರಾಗಿ ಉಸಿರಾಡುತ್ತದೆ. ಶ್ವಾಸಕೋಶ ಹಿಗ್ಗಿದ ಸುದ್ದಿಯೂ ಸೇರಿ ಹೃದಯ ಓಡುತ್ತದೆ. ಆದರೆ ಉಸಿರನ್ನು ಏರಿಸಲಾಗದ ಸ್ಥಿತಿಯಲ್ಲಿ ಅದೇ ಸುದ್ದಿ ವಾಗಸ್ ನರದ ಮೂಲಕ ಹೃದಯವನ್ನು ನಿಧಾನಗೊಳಿಸುತ್ತದೆ. ಮತ್ತಿನಲ್ಲಿ ಮಲಗಿದ ಪ್ರಾಣಿಯ ಉಸಿರು ಏರಲಾರದು. ನಮ್ಮ ಮೇಜಿನ ಮೇಲೆ ನಾಡಿ ಇಳಿಯುವುದನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ನಿಧಾನವಾಗುವುದು ಎಲ್ಲ ಸಲವೂ ಸೋಲಲ್ಲ. ಬೇಸಿಗೆಯ ನಸುಕಿನಲ್ಲಿ ಕೆರೆಯ ನೀರಿನ ಆಮ್ಲಜನಕ ಇಳಿದಾಗ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದನ್ನು ನಮ್ಮ ಮೀನುಗಾರರೆಲ್ಲ ನೋಡಿದ್ದಾರೆ. ಆ ಹೊತ್ತಿಗೆ ಬಹಳಷ್ಟು ಜಾತಿಯ ಮೀನುಗಳ ಹೃದಯ ಮಿಡಿತ ಇಳಿದಿರುತ್ತದೆ. ಅನೇಕ ಮೀನುಗಳ ಹೃದಯ ಮೈಯೆಲ್ಲ ಸುತ್ತಿ ತನ್ನೊಳಗೆ ಹಾಯುವ ರಕ್ತದಿಂದಲೇ ಆಮ್ಲಜನಕ ಹೀರಿಕೊಳ್ಳಬೇಕು. ಮಿಡಿತ ನಿಧಾನವಾದರೆ ಹೀರಿಕೊಳ್ಳಲು ಹೆಚ್ಚು ಸಮಯ ಸಿಗುತ್ತದೆ. ಟ್ರೌಟ್ ಮೀನಿನ ಹೃದಯದ ಮೇಲೆ ನಡೆದ ಪ್ರಯೋಗಗಳು ಮತ್ತೊಂದು ಮುಖ ತೋರಿಸುತ್ತವೆ: ಆಮ್ಲಜನಕ ಕಡಿಮೆ, ರಕ್ತದ ಆಮ್ಲೀಯತೆ ಹೆಚ್ಚು ಎಂಬ ಸಂಕಟದಲ್ಲಿ ಅಡ್ರಿನಲಿನ್ ಆ ಹೃದಯದ ಬಲವನ್ನು ಕಾಯುತ್ತದೆ. ಬೀಟಾ ಗ್ರಾಹಕಕ್ಕೆ ತಡೆ ಹಾಕಿದರೆ ಆ ಆಸರೆ ತಪ್ಪುತ್ತದೆ.

ಗರ್ಭದೊಳಗಿನ ಕುರಿಮರಿಯೂ ಹೀಗೆಯೇ. ತಾಯಿಯ ರಕ್ತದಲ್ಲಿ ಆಮ್ಲಜನಕ ಇಳಿದಾಗ ಮರಿಯ ಹೃದಯ ವಾಗಸ್ ಮೂಲಕ ನಿಧಾನವಾಗುತ್ತದೆ, ಕೈಕಾಲಿನ ರಕ್ತನಾಳಗಳು ಬಿಗಿದು ರಕ್ತ ಮೆದುಳು, ಹೃದಯಗಳ ಕಡೆಗೆ ತಿರುಗುತ್ತದೆ. ಆ ಬಿಗಿತಕ್ಕೆ ಆಲ್ಫಾ ಗ್ರಾಹಕ ಬೇಕು. ಫೆಂಟೊಲಮಿನ್‌ನಂಥ ಆಲ್ಫಾ ತಡೆ ಔಷಧ ಕೊಟ್ಟರೆ ಅದು ಸಡಿಲವಾಗುತ್ತದೆ. ಎಮ್ಮೆಯೊಂದು ಕಷ್ಟಪಟ್ಟು ಈದ ಮೇಲೆ ಕರು ಜೋತುಬಿದ್ದು, ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಮಿಡಿತ ವಿರಳವಾಗಿ ಕೇಳಿಸುವಾಗ ಈ ಪಾಠ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಮೂಗು ಬಾಯಿಯ ಲೋಳೆ ತೆಗೆಯಿರಿ, ಎದೆಯ ಮೇಲೆ ಕೂರಿಸಿ, ಒಣ ಗೋಣಿಯಿಂದ ತಿಕ್ಕಿ, ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿ, ಬೇಕಾದರೆ ಗಾಳಿ ಒತ್ತಿ. ಎದೆಗೆ ಗಾಳಿ ಹೋದರೆ ಹೆಚ್ಚಿನ ಕರುಗಳಲ್ಲಿ ಮಿಡಿತ ತಾನಾಗಿಯೇ ಏರುತ್ತದೆ.

ಬೀಟಾ ತಡೆ ಔಷಧಗಳ ವಿಷಯದಲ್ಲಿ ನಾಯಿ ಸಾಕಿದವರಿಗೂ ಒಂದು ಮಾತು ಹೇಳಲೇಬೇಕು. ಈ ಬಗೆಯ ಔಷಧವಾದ ಪ್ರೊಪ್ರನಲಾಲ್ ಕಂಡುಹಿಡಿದ ಜೇಮ್ಸ್ ಬ್ಲ್ಯಾಕ್ ಅವರ ಯೋಚನೆ ಸೊಗಸಾದದ್ದು: ಇಕ್ಕಟ್ಟಾದ ರಕ್ತನಾಳದ ಹೃದಯಕ್ಕೆ ಆಮ್ಲಜನಕ ಹೆಚ್ಚಿಸಲಾಗದಿದ್ದರೆ ಅದರ ಬೇಡಿಕೆಯನ್ನೇ ತಗ್ಗಿಸುವುದು. 1988ರ ನೊಬೆಲ್ ಪಡೆದವರಲ್ಲಿ ಅವರೂ ಒಬ್ಬರು. ಆದರೆ ಇಡೀ ದೇಹಕ್ಕೇ ಆಮ್ಲಜನಕ ಸಾಲದಾದಾಗ ಹೃದಯ ಹೆಚ್ಚು ರಕ್ತ ತಳ್ಳಿ ಕೊರತೆಯನ್ನು ಸರಿದೂಗಿಸಬೇಕು. ಬೀಟಾ ತಡೆ ಆ ಶಕ್ತಿಯನ್ನೇ ಕಟ್ಟಿಹಾಕುತ್ತದೆ. ಪ್ರೊಪ್ರನಲಾಲ್ ಶ್ವಾಸನಾಳವನ್ನೂ ಕಿರಿದಾಗಿಸಬಲ್ಲದು. ಮನೆಯಲ್ಲಿ ಅಜ್ಜನಿಗೆ ಬರೆದುಕೊಟ್ಟ ಮಾತ್ರೆಯನ್ನು ಏದುಸಿರು ಬಿಡುವ ನಾಯಿಗೆ ಅರ್ಧ ಮುರಿದು ಹಾಕಬೇಡಿ ಎಂದು ನಾನು ಅಂಗಲಾಚುವುದು ಇದಕ್ಕಾಗಿಯೇ. ಈಗಾಗಲೇ ಇಂಥ ಔಷಧ ನಡೆಯುತ್ತಿದ್ದರೆ ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರಿಗೆ ತಿಳಿಸಿ. ಅಂಥ ನಾಯಿಯಲ್ಲಿ ಆಮ್ಲಜನಕ ಇಳಿದರೂ ಹೃದಯ ಓಡಿ ಎಚ್ಚರಿಕೆ ಕೊಡದೆ ಇರಬಹುದು.

ಅಡ್ರಿನಲಿನ್ ಮೇಲೆ ನನಗೆ ಹಗೆಯಿಲ್ಲ. ಹೃದಯ ನಿಂತಾಗ ಅದೇ ಬೇಕು. ಮಿಡಿಯುತ್ತಿರುವ, ಆಮ್ಲಜನಕವಿಲ್ಲದೆ ಬಳಲಿದ ಹೃದಯಕ್ಕೆ ಅದನ್ನು ಕೊಟ್ಟರೆ ಬೇಡಿಕೆ ಏರುತ್ತದೆ, ಪೂರೈಕೆ ಏರುವುದಿಲ್ಲ, ಲಯ ತಪ್ಪಬಹುದು. ಅಟ್ರೋಪಿನ್ ದನಕರುಗಳ ಹೊಟ್ಟೆಯ ಚಲನೆ ನಿಲ್ಲಿಸಿ ಉಬ್ಬರ ತರಬಹುದು, ಉಬ್ಬರ ಮತ್ತೆ ಉಸಿರನ್ನೇ ಒತ್ತುತ್ತದೆ.

ಪಲ್ಸ್ ಆಕ್ಸಿಮೀಟರನ್ನು ನಾಲಿಗೆಗೆ ಸಿಕ್ಕಿಸಿ ನೋಡುವುದು ಒಳ್ಳೆಯದೇ, ಆದರೆ ಅದೊಂದನ್ನೇ ನಂಬುವಂತಿಲ್ಲ. ನಾಲಿಗೆ ಕಪ್ಪಾಗಿದ್ದರೆ ಅದರ ಲೆಕ್ಕ ತಪ್ಪಬಹುದು. ಝೈಲಜಿನ್‌ನಿಂದ ರಕ್ತನಾಳ ಬಿಗಿದಾಗಲೂ ಸಂಕೇತ ದುರ್ಬಲವಾಗುತ್ತದೆ. ಪಕ್ಕೆಯ ಏರಿಳಿತ, ಮೂಗಿನ ನೊರೆ, ವಸಡಿನ ಬಣ್ಣ ಕಣ್ಣಾರೆ ನೋಡಬೇಕು. ಕೊರತೆ ಎನಿಸಿದರೆ ಕತ್ತು ನೇರ ಮಾಡಿ, ಪ್ರಾಣಿಯನ್ನು ಎದೆಯ ಮೇಲೆ ತಿರುಗಿಸಿ, ಉಬ್ಬರವಿದ್ದರೆ ಬಾಯಿಯಿಂದ ನಳಿಕೆ ಇಳಿಸಿ ಗಾಳಿ ಬಿಡಿ, ಸಿಲಿಂಡರ್ ಇದ್ದರೆ ಮೂಗಿಗೆ ಆಮ್ಲಜನಕ ಕೊಡಿ. ಎಲ್ಲ ತಾಲ್ಲೂಕು ಪಶು ಆಸ್ಪತ್ರೆಗಳಲ್ಲೂ ಒಂದು ಚಿಕ್ಕ ಸಿಲಿಂಡರ್ ಇರಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಆಮೇಲೆ ಯೋಹಿಂಬಿನ್. ಪಶ್ಚಿಮ ಆಫ್ರಿಕಾದ ಒಂದು ಮರದ ತೊಗಟೆಯಿಂದ ಬಂದ ಈ ವಸ್ತು ಆಲ್ಫಾ-2 ಗ್ರಾಹಕಕ್ಕೆ ತಡೆ ಹಾಕಿ ಝೈಲಜಿನ್ ಕಟ್ಟಿದ ಗಂಟನ್ನು ಬಿಚ್ಚುತ್ತದೆ. ಬೀಟಾಕ್ಕೆ ತಡೆ ಹಾಕಿದರೆ ಹೃದಯ ನಿಧಾನ, ಆಲ್ಫಾ-2ಕ್ಕೆ ತಡೆ ಹಾಕಿದರೆ ಹೃದಯ ಚುರುಕು. ಇದನ್ನು ರಕ್ತನಾಳಕ್ಕೆ ಒಮ್ಮೆಲೇ ನುಗ್ಗಿಸಬಾರದು, ರಕ್ತದೊತ್ತಡ ಕುಸಿಯಬಹುದು. ಎಚ್ಚರದ ಜೊತೆಗೆ ನೋವೂ ಮರಳುವುದರಿಂದ ಮೆಲಾಕ್ಸಿಕಾಮ್‌ನಂಥ ನೋವಿನ ಚುಚ್ಚುಮದ್ದು ಮೊದಲೇ ಬಿದ್ದಿರಬೇಕು. ಕುರಿಯ ಶ್ವಾಸಕೋಶದಲ್ಲಿ ತುಂಬಿದ ನೀರು ಯೋಹಿಂಬಿನ್ ಕೊಟ್ಟ ಮಾತ್ರಕ್ಕೆ ಆರುವುದಿಲ್ಲ. ಎದ್ದು ನಿಂತ ಕುರಿ ಮತ್ತೆ ತೂಕಡಿಸಬಹುದು ಕೂಡ. ಹಾಗಾಗಿ ಅದು ನೆಟ್ಟಗೆ ನಡೆದು ಮೆಲುಕು ಹಾಕುವವರೆಗೆ ಹಿಂಡಿನೊಳಗೆ ಬಿಡಬಾರದು, ನೀರು ಮೇವು ಕೊಡಬಾರದು ಎಂದು ಕುರಿಗಾಹಿಗೆ ಹೇಳಿಯೇ ನಾನು ಹೊರಡುತ್ತೇನೆ.