ಆಟಿಯ ಮಳೆ, ಆಫ್ರಿಕದ ಲಕೋಟೆ

ಸ್ಟಾಂಪನ್ನು ಲಕೋಟೆಯಿಂದ ಬಿಡಿಸಬೇಡಿ. ದಕ್ಷಿಣ ಆಫ್ರಿಕದ ಹಳೆಯ ಅಂಚೆ ಸಂಗ್ರಹಿಸುವವರು ಮೊದಲು ಕಲಿಯಬೇಕಾದದ್ದು ಇದು. ಸೀಲಿನ ಮುಕ್ಕಾಲು ಭಾಗ ಲಕೋಟೆಯ ಮೇಲೇ ಬಿದ್ದಿರುತ್ತದೆ. ನೆನೆಸಿ ತೆಗೆದರೆ ಸ್ಟಾಂಪಿನಲ್ಲಿ ಊರಿನ ಹೆಸರಿನ ಎರಡಕ್ಷರ ಉಳಿದರೆ ಪುಣ್ಯ.

ಊರು, ತಾರೀಕು ಯಾಕೆ ಬೇಕು? ಕೇಪ್, ನಟಾಲ್, ಟ್ರಾನ್ಸ್‌ವಾಲ್, ಆರೆಂಜ್ ರಿವರ್ ಕಾಲೊನಿಗಳು 1910ರ ಮೇ 31ರಂದು ಒಂದಾಗಿ ದಕ್ಷಿಣ ಆಫ್ರಿಕ ಒಕ್ಕೂಟವಾದವು. ಆಮೇಲೆ ಅವುಗಳ ಹಳೆಯ ಸ್ಟಾಂಪುಗಳು ಇಡೀ ಒಕ್ಕೂಟದಲ್ಲಿ ಚಲಾವಣೆಗೆ ಬಂದು 1937ರ ಕೊನೆಯವರೆಗೂ ನಡೆದವು. ಕೇಪ್‌ನ ಸಾಮಾನ್ಯ ಒಂದು ಪೆನ್ನಿ ಸ್ಟಾಂಪಿನ ಮೇಲೆ 1911ರ ಡರ್ಬನ್ (ನಟಾಲ್) ಸೀಲು ಕಂಡರೆ ಅದು 'ಇಂಟರ್‌ಪ್ರೊವಿನ್ಶಿಯಲ್', ಅಂದರೆ ಒಂದು ಪ್ರಾಂತದ ಸ್ಟಾಂಪು ಇನ್ನೊಂದರಲ್ಲಿ ಬಳಕೆಯಾದದ್ದು. ಕೇಪ್‌ನ 1853ರ ತ್ರಿಕೋನ ಸ್ಟಾಂಪಿನ ಹಿಂದೆ ಎಲ್ಲರೂ ಓಡುತ್ತಾರೆ. ಕಡಿಮೆ ದುಡ್ಡಿನವರಿಗೆ ಇಂಟರ್‌ಪ್ರೊವಿನ್ಶಿಯಲ್‌ಗಳೇ ಒಳ್ಳೆಯ ದಾರಿ.

ಕನ್ನಡಿಗರಿಗೆ ಇನ್ನೊಂದು ಆಕರ್ಷಣೆಯಿದೆ. ದಕ್ಷಿಣ ಆಫ್ರಿಕದ ಡಚ್ ಮೂಲದ ಬೋಯರರಿಗೂ ಬ್ರಿಟಿಷರಿಗೂ ನಡೆದ ಬೋಯರ್ ಯುದ್ಧದ (1899–1902) ಕೈದಿಗಳನ್ನು ಬ್ರಿಟಿಷರು ಸೇಂಟ್ ಹೆಲೆನಾ, ಸಿಲೋನ್, ಬರ್ಮುಡಾಗಳಿಗಲ್ಲದೆ ಭಾರತಕ್ಕೂ ಸಾಗಿಸಿದರು: ಅಹ್ಮದ್‌ನಗರ, ತಿರುಚಿನಾಪಳ್ಳಿ, ನಮ್ಮ ಬಳ್ಳಾರಿ. ಬಳ್ಳಾರಿ ಶಿಬಿರದ ಕವರ್ ಎಂದು ಯಾರಾದರೂ ತೋರಿಸಿದರೆ ಹಿಂದೆ ಮುಂದೆ ತಿರುಗಿಸಿ ಎಲ್ಲ ತಾರೀಕುಗಳನ್ನೂ ಸಾಲಾಗಿ ಬರೆದುಕೊಳ್ಳಿ. ಹಡಗಿನ ಟಪಾಲಿಗೆ ವಾರಗಟ್ಟಲೆ ಬೇಕು. ಮೂರೇ ದಿನದಲ್ಲಿ ಕೇಪ್ ಟೌನ್ ತಲುಪಿದ್ದರೆ ವಾಪಸು ಕೊಡಿ. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಸ್ಟಾಂಪಿನ ಅಂಚನ್ನೂ ನೋಡಿ. ಸೀಲಿನ ಗೆರೆ ಸ್ಟಾಂಪಿನಿಂದ ಕಾಗದಕ್ಕೆ ನೇರವಾಗಿ ಇಳಿಯಬೇಕು. ಅಂಚಿನಲ್ಲಿ ಗೆರೆ ತಪ್ಪಿದ್ದರೆ, ಸ್ಟಾಂಪನ್ನು ಆಮೇಲೆ ಅಂಟಿಸಿರುವ ಅನುಮಾನ ಬರಬೇಕು.

ಕೊಂಡದ್ದು ಸುಲಭ, ಮಂಗಳೂರಿನಲ್ಲಿ ಉಳಿಸುವುದೇ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ. ಗೋಡೆಗೆ ತಾಗಿದ ಕಪಾಟು ಬೇಡ. ಗಾಳಿಯಾಡದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ಪಕ್ಕದಲ್ಲೊಂದು ಚಿಕ್ಕ ತೇವಮಾಪಕ. ಅದು ಶೇ. 45ರಿಂದ 55ರ ನಡುವೆ ನಿಲ್ಲಲಿ; ತೀರಾ ಒಣಗಿಸಿದರೆ ಗೋಂದು ಬಿರಿದು ಕಾಗದ ಸುರುಳಿಯಾಗುತ್ತದೆ. ಜೆಲ್‌ನ ನೀಲಿ ಕಾಳು ಗುಲಾಬಿಯಾದರೆ 110–120 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದೆರಡು ಗಂಟೆ ಓವನ್ನಿನಲ್ಲಿಟ್ಟು, ಆರಿದ ಮೇಲೆ ಮತ್ತೆ ಬಳಸಬಹುದು. ಏಸಿ ಕೋಣೆಯಲ್ಲಿ ತಣ್ಣಗಾದ ಡಬ್ಬಿಯನ್ನು ಚಾವಡಿಗೆ ತಂದ ಕೂಡಲೇ ತೆರೆದರೆ ಕವರಿನ ಮೇಲೆ ನೀರು ಕೂರುತ್ತದೆ. ಅರ್ಧ ಗಂಟೆ ಮುಚ್ಚಿಯೇ ಇಡಿ.

ಪಿವಿಸಿ ಚೀಲಗಳು ಕಾಲಕ್ರಮೇಣ ಜಿಡ್ಡು ಬಿಡುತ್ತವೆ, ಪಾಲಿಯೆಸ್ಟರ್ ಚೀಲವೇ ಆಗಬೇಕು. ಲ್ಯಾಮಿನೇಶನ್ನಿನ ಮಾತೇ ಎತ್ತಬೇಡಿ. ಕಂದು ಚುಕ್ಕೆ ಬಿದ್ದ ಕವರನ್ನು ಉಳಿದವುಗಳಿಂದ ಬೇರೆ ಡಬ್ಬಿಗೆ ಹಾಕಿ, ಆದರೆ ತೊಳೆಯಲು ಹೋಗಬೇಡಿ: ನೇರಳೆ ಶಾಯಿಯ ಸೆನ್ಸಾರ್ ಗುರುತಿದ್ದರೆ (ಕಾಗದವನ್ನು ಪರಿಶೀಲಿಸಿದವರ ಮುದ್ರೆ) ಬರೀ ನೀರಿಗೂ ಹರಡಿಹೋಗಬಹುದು.